ವರ್ಷ ವರ್ಷ ಏರುವ ಬಾಡಿಗೆ: ಒಪ್ಪುವ ಮುನ್ನ ಏನೇನು ಲೆಕ್ಕ ಹಾಕಬೇಕು?

ನಾಲ್ಕನೇ ಮಹಡಿ:

ಎಲ್ಲರಿಗೂ ನಮಸ್ಕಾರ. ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ನಾವು ಮೂರು ವರ್ಷಗಳಿಂದ ಬಾಡಿಗೆಗೆ ಇದ್ದೇವೆ. ಮನೆ ನಮಗೆ ಒಗ್ಗಿದೆ. ಮಗಳ ಶಾಲೆ ನಡೆದು ಹೋಗುವಷ್ಟು ಹತ್ತಿರದಲ್ಲಿದೆ, ನೆರೆಯವರು ಒಳ್ಳೆಯವರು, ಮಾಲೀಕರೂ ಕೆಟ್ಟವರಲ್ಲ. ಆದರೆ ಕರಾರು ಮುಗಿಯಲು ಎರಡು ತಿಂಗಳಿರುವಾಗ ಪ್ರತಿ ವರ್ಷವೂ ಅವರಿಂದ ಎರಡೇ ಸಾಲಿನ ಸಂದೇಶ ಬರುತ್ತದೆ: ಮುಂದಿನ ಅವಧಿಗೆ ಬಾಡಿಗೆ ಶೇಕಡಾ 10 ಹೆಚ್ಚಾಗುತ್ತದೆ, ಒಪ್ಪಿಗೆ ತಿಳಿಸಿ. ಮೊದಲ ಸಲ ಆಗಲಿ ಎಂದೆ. ಎರಡನೇ ಸಲವೂ ಆಗಲಿ ಎಂದೆ. ಬಂದಾಗ 100 ಇತ್ತು ಎಂದಿಟ್ಟುಕೊಂಡರೆ ಅದು 110 ಆಯಿತು, ಆಮೇಲೆ 121 ಆಯಿತು, ಈಗ ಒಪ್ಪಿದರೆ 133 ದಾಟುತ್ತದೆ. ಇಷ್ಟೂ ದಿನ ನನ್ನ ಸಂಬಳ ಏರಿದ್ದು ವರ್ಷಕ್ಕೆ ಸುಮಾರು ಶೇಕಡಾ 6ರಂತೆ.

ಹೋದ ವಾರ ಈ ವರ್ಷದ ಸಂದೇಶ ಬಂತು. ಅದನ್ನು ಓದುವಾಗ ನಾನು ಸ್ನಾನದ ಮನೆಯ ಗೋಡೆಯನ್ನು ಒರೆಸುತ್ತಿದ್ದೆ. ಮೇಲಿನ ಮನೆಯ ಕೊಳವೆಯಿಂದ ನೀರು ಜಿನುಗಿ ಆ ಗೋಡೆಯ ಬಣ್ಣ ಅಂಗೈಯಗಲ ಉಬ್ಬಿ ನಿಂತಿದೆ, ಬೆರಳಿಟ್ಟರೆ ಸಿಪ್ಪೆಯಂತೆ ಕಳಚುತ್ತದೆ. ಏಳು ತಿಂಗಳಿಂದ ಹೇಳುತ್ತಿದ್ದೇನೆ, ರಿಪೇರಿ ಆಗಿಲ್ಲ.

ಒಪ್ಪಿಕೊಳ್ಳಬೇಕೋ, ಕಡಿಮೆ ಮಾಡಿ ಎಂದು ಕೇಳಬೇಕೋ, ಬೇರೆ ಮನೆ ನೋಡಬೇಕೋ ತಿಳಿಯುತ್ತಿಲ್ಲ. ಕೇಳಲು ಸಂಕೋಚವೂ ಇದೆ. ಕೇಳಿದರೆ ಮನೆ ಬಿಡಿ ಎಂದಾರು ಎಂಬ ಭಯವೂ ಇದೆ. ಅನುಭವವಿದ್ದವರು ದಾರಿ ತೋರಿಸಬೇಕಾಗಿ ವಿನಂತಿ.

ಲೆಕ್ಕದ ಪುಸ್ತಕ:

ನಮಸ್ಕಾರ. ಭಯದ ಮಾತು ಆಮೇಲೆ ನೋಡೋಣ, ಮೊದಲು ಅಂಕಿಗಳನ್ನು ಎದುರಿಗೆ ಇಟ್ಟುಕೊಳ್ಳಿ. ಶೇಕಡಾ 10 ಎಂಬುದು ಪ್ರತಿ ವರ್ಷ ಹಿಂದಿನ ವರ್ಷದ ಮೊತ್ತದ ಮೇಲೆ ಕೂಡುವುದರಿಂದ ಅದು ಚಕ್ರಬಡ್ಡಿಯಂತೆಯೇ ಬೆಳೆಯುತ್ತದೆ. ಈ ಲೆಕ್ಕದಲ್ಲಿ ಐದು ಏರಿಕೆಗಳಾದ ಮೇಲೆ 100 ಇದ್ದದ್ದು 161 ಆಗುತ್ತದೆ, ಹತ್ತು ಏರಿಕೆಗಳಾದ ಮೇಲೆ 259. ಶೇಕಡಾ 5ರಂತೆ ಏರಿದ್ದರೆ ಹತ್ತು ವರ್ಷಕ್ಕೆ 163 ಆಗುತ್ತಿತ್ತು. ಈಗ ಐದು ಅಂಕಗಳ ಅಂತರವಾಗಿ ಕಾಣುವುದು ಹತ್ತು ವರ್ಷದ ಕೊನೆಗೆ ಹೆಚ್ಚುಕಡಿಮೆ ಮೊದಲ ಬಾಡಿಗೆಯಷ್ಟೇ ದೊಡ್ಡ ಮೊತ್ತದ ವ್ಯತ್ಯಾಸವಾಗಿರುತ್ತದೆ.

ಇದನ್ನು ಸಂಬಳದ ಪಕ್ಕದಲ್ಲಿಟ್ಟು ನೋಡಿ. ಆದಾಯ 100 ಇದ್ದಾಗ ಬಾಡಿಗೆಗೆ 30 ಹೋಗುತ್ತಿತ್ತು ಎಂದುಕೊಳ್ಳೋಣ. ಆದಾಯ ಶೇಕಡಾ 6ರಂತೆ, ಬಾಡಿಗೆ ಶೇಕಡಾ 10ರಂತೆ ಏರಿದರೆ ಐದು ವರ್ಷಗಳ ನಂತರ ಆದಾಯದ ಶೇಕಡಾ 36 ಬಾಡಿಗೆಗೇ ಹೋಗುತ್ತದೆ, ಹತ್ತು ವರ್ಷಗಳ ನಂತರ ಶೇಕಡಾ 43. ಯಾವುದೇ ಒಂದು ವರ್ಷದಲ್ಲಿ ಇದು ತಡೆಯಲಾಗದ ಹೊರೆ ಅನಿಸುವುದಿಲ್ಲ, ಆದ್ದರಿಂದಲೇ ನಾವು ಪ್ರತಿ ವರ್ಷವೂ ಆಗಲಿ ಎನ್ನುತ್ತಾ ಹೋಗುತ್ತೇವೆ.

ಎರಡು ವಿಷಯ ತಿಳಿಸಿ. ಶೇಕಡಾ 10 ಎಂಬುದು ಕರಾರು ಪತ್ರದಲ್ಲಿ ಬರೆದಿದೆಯೇ, ಅಥವಾ ಬರಿಯ ರೂಢಿಯೇ? ಮತ್ತು ನೀವು ಕೊಡುವ ಮೊತ್ತದಲ್ಲಿ ನಿರ್ವಹಣಾ ಶುಲ್ಕವೂ ಸೇರಿದೆಯೇ?

ನಾಲ್ಕನೇ ಮಹಡಿ:

ನೀವು ಕೇಳಿದ ಮೇಲೆ ಕರಾರು ಪತ್ರ ತೆಗೆದು ಓದಿದೆ. ಸಹಿ ಹಾಕಿದ ದಿನದಿಂದ ಅದನ್ನು ಬಿಡಿಸಿ ನೋಡಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಅದರಲ್ಲಿ ಶೇಕಡಾವಾರು ಎಲ್ಲಿಯೂ ಇಲ್ಲ. "ಅವಧಿ ಮುಗಿದ ಮೇಲೆ ಉಭಯ ಪಕ್ಷಗಳ ಒಪ್ಪಿಗೆಯಂತೆ ಬಾಡಿಗೆಯನ್ನು ಪರಿಷ್ಕರಿಸಿ ನವೀಕರಿಸಬಹುದು" ಎಂದಷ್ಟೇ ಇದೆ. ನಿರ್ವಹಣಾ ಶುಲ್ಕ ಬಾಡಿಗೆಯಲ್ಲಿಯೇ ಸೇರಿದೆ. ಈಗ ಕೊಡುತ್ತಿರುವುದನ್ನು 100 ಎಂದರೆ ಅದರಲ್ಲಿ 15ರಷ್ಟು ಅಪಾರ್ಟ್‌ಮೆಂಟ್ ಸಂಘಕ್ಕೆ ಹೋಗುತ್ತದೆ. ಆ ಶುಲ್ಕ ಎರಡು ವರ್ಷಗಳಿಂದ ಏರಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು.

ಲೆಕ್ಕದ ಪುಸ್ತಕ:

ಹಾಗಿದ್ದರೆ ಏರದೇ ಇರುವ 15ರ ಮೇಲೂ ನೀವು ಎರಡು ವರ್ಷ ಏರಿಕೆ ಕೊಟ್ಟಿದ್ದೀರಿ. ಮುಂದಿನ ಮಾತುಕತೆಯಲ್ಲಿ ಬಾಡಿಗೆ ಬೇರೆ, ನಿರ್ವಹಣೆ ಬೇರೆ ಎಂದು ಎರಡು ಸಾಲು ಮಾಡಿಸಿ. ಸಂಘದ ಶುಲ್ಕ ನಿಜವಾಗಿ ಏರಿದಾಗ ಅದರ ರಸೀದಿ ನೋಡಿ ಅಷ್ಟನ್ನೇ ಕೊಡುವುದು ನ್ಯಾಯ. ಶೇಕಡಾವಾರು ಏರಿಕೆ ಉಳಿದ 85ಕ್ಕೆ ಮಾತ್ರ ಅನ್ವಯಿಸಬೇಕು.

ಎರಡು ಮನೆಗಳ ಮಾಲೀಕ:

ನಾನು ಇಲ್ಲಿ ಮಾಲೀಕರ ಪರವಾಗಿ ಬರೆಯುತ್ತಿದ್ದೇನೆ, ಆದರೆ ಬಾಡಿಗೆದಾರರಿಗೆ ಉಪಯೋಗವಾಗುವುದನ್ನೇ ಬರೆಯುತ್ತೇನೆ. ಬಾಡಿಗೆ ಹೆಚ್ಚಿಸುವ ಸಂದೇಶ ಕಳಿಸುವಾಗ ನಮ್ಮಲ್ಲಿ ಅನೇಕರು ಲೆಕ್ಕವನ್ನೇ ಹಾಕಿರುವುದಿಲ್ಲ. ಪಕ್ಕದ ಮನೆಯವರು ಇಷ್ಟು ಹೆಚ್ಚಿಸಿದರಂತೆ, ನಾವೂ ಹೆಚ್ಚಿಸೋಣ ಎಂಬುದಷ್ಟೇ ಇರುತ್ತದೆ. ಎದುರಿನವರು ಮರುಮಾತಿಲ್ಲದೆ ಒಪ್ಪಿದರೆ ಅದೇ ದರ ಮುಂದಿನ ವರ್ಷಕ್ಕೂ ನಿಲ್ಲುತ್ತದೆ.

ಮಾಲೀಕನಿಗೆ ನಿಜವಾಗಿ ನೋವು ಕೊಡುವುದು ಖಾಲಿ ಮನೆ. ಒಂದು ತಿಂಗಳು ಮನೆ ಖಾಲಿ ಬಿದ್ದರೆ ವರ್ಷದ ಆದಾಯದ ಹನ್ನೆರಡನೇ ಒಂದು ಭಾಗ, ಅಂದರೆ ಶೇಕಡಾ 8.3 ಹೋಯಿತು. ನಾನು 110 ಕೇಳಿದೆ, ಇದ್ದವರು 105 ಕೊಡುತ್ತೇವೆ ಎಂದರು, ನಾನು ಒಪ್ಪಲಿಲ್ಲ, ಅವರು ಬಿಟ್ಟು ಹೋದರು ಎಂದುಕೊಳ್ಳಿ. ಹೊಸಬರು 110ಕ್ಕೇ ಬಂದರು, ಆದರೆ ನಡುವೆ ಒಂದು ತಿಂಗಳು ಮನೆಗೆ ಬೀಗ. ಆ ತಿಂಗಳಲ್ಲಿ ಕಳೆದುಕೊಂಡದ್ದು 105. ಹೊಸಬರಿಂದ ಹೆಚ್ಚು ಸಿಗುತ್ತಿರುವುದು ತಿಂಗಳಿಗೆ 5. ಕಳೆದುಕೊಂಡದ್ದು ಕೈಸೇರಲು 21 ತಿಂಗಳು ಬೇಕು. ಸುಣ್ಣಬಣ್ಣ, ಕೊಳಾಯಿ ರಿಪೇರಿ, ದಲ್ಲಾಳಿಯ ಕಮಿಷನ್ ಇದರಲ್ಲಿ ಸೇರಿಲ್ಲ. ಹೊಸಬರು ಸರಿಯಾದ ದಿನಕ್ಕೆ ಬಾಡಿಗೆ ಕೊಡುತ್ತಾರೋ ಇಲ್ಲವೋ ಎಂಬುದು ಬೇರೆ. ಈ ಲೆಕ್ಕವನ್ನು ನಾನು ಹಾಕಿದ್ದು ಒಮ್ಮೆ ಒಳ್ಳೆಯ ಬಾಡಿಗೆದಾರರನ್ನು ಕಳೆದುಕೊಂಡ ಮೇಲೆ. ಅಲ್ಲಿಯವರೆಗೆ ಯಾರೂ ನನಗೆ ಹೇಳಿರಲಿಲ್ಲ.

ನಮ್ಮ ಕಡೆಯ ಖರ್ಚನ್ನೂ ಕೇಳಿ. ಆಸ್ತಿ ತೆರಿಗೆ, ವಿಮೆ, ಕೂಲಿ ಏರುತ್ತವೆ. ಲಿಫ್ಟಿನ ಮೋಟಾರು, ತಾರಸಿಯ ಸೋರಿಕೆ ಇಂಥವು ವರ್ಷ ವರ್ಷ ಬರುವುದಿಲ್ಲ, ಬಂದಾಗ ಒಮ್ಮೆಗೇ ದೊಡ್ಡ ಮೊತ್ತ ಕೇಳುತ್ತವೆ. ಬ್ಯಾಂಕಿನ ಸಾಲ ಸ್ಥಿರ ಬಡ್ಡಿಯದ್ದಾಗಿದ್ದರೆ ಕಂತು ಏರುವುದಿಲ್ಲ ಎಂಬುದು ನಿಜ, ಬದಲಾಗುವ ಬಡ್ಡಿಯದ್ದಾದರೆ ಅದೂ ಏರಬಹುದು. ಆದ್ದರಿಂದ ಏರಿಕೆಯೇ ಬೇಡ ಎಂದು ಬರುವವರೊಡನೆ ನಾನು ಮಾತು ಮುಂದುವರಿಸುವುದಿಲ್ಲ. ಇಷ್ಟು ಕೊಡುತ್ತೇವೆ, ಇದಕ್ಕೆ ಇಂಥ ಕಾರಣ ಎಂದು ಬರುವವರೊಡನೆ ಖಂಡಿತ ಕುಳಿತು ಮಾತನಾಡುತ್ತೇನೆ.

ಮೂರು ಮನೆ ಬದಲಿಸಿದವಳು:

ಮಾಲೀಕರ ಲೆಕ್ಕ ಓದಿ ಧೈರ್ಯ ಬಂದರೂ ಬಾಡಿಗೆದಾರರ ಲೆಕ್ಕವನ್ನು ಮರೆಯಬೇಡಿ. ನಾನು ಒಮ್ಮೆ ಶೇಕಡಾ 10ರ ಏರಿಕೆಯ ಮೇಲಿನ ಸಿಟ್ಟಿಗೆ ಮನೆ ಬಿಟ್ಟೆ. ಹೊಸ ಮನೆ ಹಳೆಯ ಬಾಡಿಗೆಗೇ ಸಿಕ್ಕಿತು, ಗೆದ್ದೆ ಅಂದುಕೊಂಡೆ. ಆಮೇಲೆ ಒಂದು ಕಾಗದದ ಮೇಲೆ ಬರೆದು ನೋಡಿದೆ. ಲಾರಿ ಮತ್ತು ಸಾಮಾನು ಇಳಿಸಿದವರ ಕೂಲಿ, ದಲ್ಲಾಳಿಯ ಕಮಿಷನ್, ಹಳೆಯ ಮನೆಯ ಮುಂಗಡದಲ್ಲಿ ಸುಣ್ಣಬಣ್ಣಕ್ಕೆಂದು ಮುರಿದುಕೊಂಡದ್ದು, ಎರಡೂ ಮನೆಗೆ ಒಟ್ಟಿಗೆ ಬಾಡಿಗೆ ಕಟ್ಟಿದ ಹತ್ತು ದಿನ, ಹಳೆಯ ಅಳತೆಗೆ ಹೊಲಿಸಿದ್ದ ಪರದೆಗಳು, ಹೊಸ ಅಡುಗೆಮನೆಯ ಬಾಗಿಲಲ್ಲಿ ಹಿಡಿಸದೆ ಮಾರಿದ ಫ್ರಿಜ್ಜು. ಎಲ್ಲ ಸೇರಿ ಒಂದೂವರೆ ತಿಂಗಳ ಬಾಡಿಗೆಯಷ್ಟಾಯಿತು.

ಉಳಿದಿದ್ದರೆ 110 ಕೊಡಬೇಕಿತ್ತು, ಈಗ 100 ಕೊಡುತ್ತಿದ್ದೆ. ತಿಂಗಳಿಗೆ 10 ಉಳಿತಾಯ, ಆದ ಖರ್ಚು 150. ಅದನ್ನು ತುಂಬಿಕೊಳ್ಳಲು 15 ತಿಂಗಳು ಬೇಕಿತ್ತು, ಆದರೆ ಹೊಸ ಮಾಲೀಕರು ಹನ್ನೆರಡನೇ ತಿಂಗಳಿಗೇ ಏರಿಸಿದರು. ಹಳೆಯ ಮಾಲೀಕರು 105ಕ್ಕೆ ಒಪ್ಪಿದ್ದರೆ ಬಿಡುವುದರಲ್ಲಿ ಅರ್ಥವೇ ಇರುತ್ತಿರಲಿಲ್ಲ, ಏಕೆಂದರೆ ಆಗ ಖರ್ಚು ತುಂಬಲು 30 ತಿಂಗಳು ಬೇಕಾಗುತ್ತಿತ್ತು. ಅವರನ್ನು ಕೇಳಿದ್ದರೆ ಒಪ್ಪುತ್ತಿದ್ದರೇನೋ. ನಾನು ಕೇಳಲೇ ಇಲ್ಲ.

ನಿಮ್ಮ ಮನೆಯಲ್ಲಿ ಶಾಲೆಗೆ ಹೋಗುವ ಮಗುವಿದೆ ಎಂದಿರಿ. ಹೊಸ ಮನೆಯಿಂದ ಶಾಲೆಗೆ ಹೋಗಿಬರುವ ಖರ್ಚು ಮತ್ತು ಸಮಯವನ್ನು ಸಹ ಆ ಕಾಗದದಲ್ಲಿ ಬರೆಯಿರಿ.

ಹೊಸ ಬಾಡಿಗೆದಾರ:

ಒಂದು ಸಣ್ಣ ಪ್ರಶ್ನೆ. ನಮ್ಮ ಸುತ್ತಮುತ್ತಲ ಬಾಡಿಗೆ ಎಷ್ಟಿದೆ ಎಂದು ತಿಳಿಯುವುದು ಹೇಗೆ? ಜಾಹೀರಾತುಗಳಲ್ಲಿ ನೋಡಿದರೆ ಎಲ್ಲವೂ ನಾನು ಕೊಡುತ್ತಿರುವುದಕ್ಕಿಂತ ಹೆಚ್ಚೇ ಇವೆ.

ಮೂರು ಮನೆ ಬದಲಿಸಿದವಳು:

ಜಾಹೀರಾತಿನಲ್ಲಿರುವುದು ಕೇಳುವ ಬಾಡಿಗೆ, ಕುದುರಿದ ಬಾಡಿಗೆಯಲ್ಲ. ಅದೇ ಕಟ್ಟಡದಲ್ಲಿ ಅಥವಾ ಅಷ್ಟೇ ಹಳೆಯ ಕಟ್ಟಡದಲ್ಲಿ, ಅಷ್ಟೇ ಕೋಣೆಗಳಿರುವ ನಾಲ್ಕೈದು ಮನೆಗಳನ್ನು ಗುರುತು ಮಾಡಿಕೊಂಡು ಅವು ಎಷ್ಟು ದಿನ ಜಾಹೀರಾತಿನಲ್ಲಿ ಉಳಿಯುತ್ತವೆ ಎಂದು ನೋಡಿ. ಆರು ವಾರ ಹಾಗೆಯೇ ಉಳಿದ ಮನೆಗೆ ಆ ಬೆಲೆ ಕೊಡುವವರು ಸಿಕ್ಕಿಲ್ಲ ಎಂದರ್ಥ. ಇತ್ತೀಚೆಗೆ ಬಂದ ನೆರೆಯವರನ್ನು ಸಂಕೋಚ ಬಿಟ್ಟು ಕೇಳುವುದು ಇದಕ್ಕಿಂತ ಒಳ್ಳೆಯದು. ಜನ ಹೇಳುತ್ತಾರೆ. ಇನ್ನೊಂದು ಮಾತು: ಸುತ್ತಲಿನ ಬಾಡಿಗೆ ನಿಜವಾಗಿಯೂ ನಿಮ್ಮದಕ್ಕಿಂತ ಬಹಳ ಮೇಲಿದ್ದರೆ ನಿಮಗೆ ಕೇಳುತ್ತಿರುವ ಏರಿಕೆ ದುಬಾರಿಯಾಗಿ ಕಂಡರೂ ಅದು ಅನ್ಯಾಯವಲ್ಲದಿರಬಹುದು. ಹೋಲಿಕೆ ಎರಡೂ ಕಡೆಗೆ ಹೇಳುತ್ತದೆ, ನಮಗೆ ಬೇಕಾದ ಕಡೆಗೆ ಮಾತ್ರ ಓದಬಾರದು.

ಕರಾರು ಓದುವವಳು:

ವೃತ್ತಿಯಿಂದ ನಾನು ವಕೀಲೆ, ಬಾಡಿಗೆ ಕರಾರುಗಳನ್ನು ದಿನವೂ ನೋಡುತ್ತೇನೆ. ನಿಮ್ಮ ಪತ್ರದ ಆ ಒಂದು ಸಾಲು ನೀವು ಎಣಿಸಿದ್ದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ಉಭಯ ಪಕ್ಷಗಳ ಒಪ್ಪಿಗೆ ಎಂದಿರುವುದರಿಂದ ಶೇಕಡಾ 10 ನಿಮ್ಮ ಮೇಲೆ ತಾನಾಗಿ ಬಂದು ಬೀಳುವ ಕಟ್ಟಳೆಯಲ್ಲ, ಅದು ಮಾಲೀಕರು ಮುಂದಿಟ್ಟಿರುವ ಪ್ರಸ್ತಾಪ. ಪ್ರಸ್ತಾಪಕ್ಕೆ ಪ್ರತಿಪ್ರಸ್ತಾಪ ಕೊಡುವುದು ಜಗಳವೂ ಅಲ್ಲ, ಅವಿನಯವೂ ಅಲ್ಲ. ಹಾಗೆಂದು ಒಪ್ಪಿಗೆಯಾಗದಿದ್ದರೆ ನವೀಕರಣವೂ ಆಗದಿರಬಹುದು ಎಂಬುದನ್ನು ನೆನಪಿಡಿ. ನಿಶ್ಚಿತ ಅವಧಿಯ ಕರಾರಿನ ನಡುವೆ ಮಾತ್ರ, ಪತ್ರದಲ್ಲಿ ಹಾಗೆ ಬರೆದಿರದಿದ್ದರೆ, ಬಾಡಿಗೆ ಏರಿಸಲು ಸಾಮಾನ್ಯವಾಗಿ ಬರುವುದಿಲ್ಲ.

ಕಾನೂನು ಒಂದೊಂದು ಕಡೆ ಒಂದೊಂದು ಬಗೆ, ಆದ್ದರಿಂದ ಮೊದಲು ನೀವಿರುವಲ್ಲಿನ ಬಾಡಿಗೆ ಕಾನೂನು ಏನು ಹೇಳುತ್ತದೆ ಎಂದು ನೋಡಿ. ಜರ್ಮನಿಯಲ್ಲಿ ಇರುವ ಬಾಡಿಗೆದಾರರ ಬಾಡಿಗೆಯನ್ನು ಸ್ಥಳೀಯ ಮಟ್ಟಕ್ಕೆ ಏರಿಸುವಾಗಲೂ ಮೂರು ವರ್ಷಗಳಲ್ಲಿ ಒಟ್ಟು ಶೇಕಡಾ 20 ದಾಟುವಂತಿಲ್ಲ. ಮನೆಗಳ ಅಭಾವವಿರುವುದೆಂದು ರಾಜ್ಯ ಸರ್ಕಾರ ಗುರುತಿಸಿದ ಕಡೆ ಈ ಮಿತಿ ಶೇಕಡಾ 15. ಕೆನಡಾದ ಒಂಟಾರಿಯೊದಲ್ಲಿ ಏರಿಕೆಗೆ 90 ದಿನ ಮುಂಚೆ ಲಿಖಿತ ಸೂಚನೆ ಕೊಡಬೇಕು, 12 ತಿಂಗಳಿಗೆ ಒಮ್ಮೆ ಮಾತ್ರ ಏರಿಸಬಹುದು. ಪ್ರತಿ ವರ್ಷ ಪ್ರಕಟವಾಗುವ ಮಾರ್ಗಸೂಚಿ ದರ ಶೇಕಡಾ 2.5 ದಾಟುವಂತಿಲ್ಲ, ಆದರೆ 2018ರ ನವೆಂಬರ್ 15ರ ನಂತರ ಮೊದಲ ಬಾರಿಗೆ ವಾಸಕ್ಕೆ ಬಳಕೆಯಾದ ಮನೆಗಳಿಗೆ ಆ ದರದ ಮಿತಿ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ಶೇಕಡಾ 5 ಮತ್ತು ಅದರ ಮೇಲೆ ಬೆಲೆಯೇರಿಕೆಯ ದರ, ಎರಡೂ ಸೇರಿ ಹೆಚ್ಚೆಂದರೆ ಶೇಕಡಾ 10 ಎಂಬ ನಿಯಮವಿದೆ, ಅದೂ 15 ವರ್ಷ ತುಂಬದ ಕಟ್ಟಡಗಳಿಗೆ ಅನ್ವಯಿಸುವುದಿಲ್ಲ. ಕಟ್ಟಡದ ವಯಸ್ಸು, ಸೂಚನೆಯ ದಿನ, ಹಿಂದಿನ ಏರಿಕೆಯ ದಿನ, ಇವುಗಳಿಂದಲೇ ಎಷ್ಟೋ ಪ್ರಕರಣಗಳು ತೀರ್ಮಾನವಾಗುವುದನ್ನು ಕಂಡಿದ್ದೇನೆ.

ಜರ್ಮನಿಯ ಕಾನೂನಿನಲ್ಲಿ ನನಗೆ ಹಿಡಿಸಿದ ಇನ್ನೊಂದು ಅಂಶವಿದೆ. ಮುಂದಿನ ವರ್ಷಗಳ ಏರಿಕೆಯನ್ನು ಮೊದಲೇ ಮೆಟ್ಟಿಲು ಮೆಟ್ಟಿಲಾಗಿ ಬರೆದಿಡುವ ಕರಾರಿನಲ್ಲಿ ಪ್ರತಿ ಮೆಟ್ಟಿಲನ್ನೂ ಹಣದ ಮೊತ್ತದಲ್ಲಿಯೇ ನಮೂದಿಸಬೇಕು, ಶೇಕಡಾವಾರು ಬರೆದರೆ ಸಾಲದು. ಅಂಥ ಕಾನೂನು ಇಲ್ಲದ ಕಡೆಯೂ ನಾವು ಹಾಗೆ ಬರೆಸಿಕೊಳ್ಳಬಹುದಲ್ಲವೇ? ಮೊತ್ತ ಬರೆದಿದ್ದರೆ ಐದನೇ ವರ್ಷ ಏನಾಗುತ್ತದೆ ಎಂಬುದು ಸಹಿ ಹಾಕುವ ದಿನವೇ ಎರಡೂ ಕಡೆಯವರಿಗೆ ಕಾಣುತ್ತದೆ.

ಆರನೇ ಬ್ಲಾಕ್:

ಇಷ್ಟೆಲ್ಲ ಲೆಕ್ಕ ಬಾಡಿಗೆದಾರನೇ ಏಕೆ ಹಾಕಬೇಕು? ಎಲ್ಲ ಕಡೆಯೂ ಸರ್ಕಾರವೇ ಬಾಡಿಗೆಗೆ ಕಟ್ಟುನಿಟ್ಟಾದ ಮಿತಿ ಹಾಕಿದರೆ ಈ ಚರ್ಚೆಯ ಅಗತ್ಯವೇ ಇರುವುದಿಲ್ಲ.

ಎರಡು ಮನೆಗಳ ಮಾಲೀಕ:

ಮಿತಿ ಹಾಕಿದಲ್ಲೆಲ್ಲ ಒಳ್ಳೆಯದೇ ಆಗಿದೆ ಎನ್ನಲು ಬರುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ನಗರ 1994ರಲ್ಲಿ 1980ಕ್ಕಿಂತ ಮುಂಚಿನ ಸಣ್ಣ ಕಟ್ಟಡಗಳಿಗೂ ಬಾಡಿಗೆ ನಿಯಂತ್ರಣವನ್ನು ವಿಸ್ತರಿಸಿತು. ಅದರ ಪರಿಣಾಮವನ್ನು ಅಧ್ಯಯನ ಮಾಡಿದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು, ಆ ಕಟ್ಟಡಗಳ ಮಾಲೀಕರು ಬಾಡಿಗೆಗೆ ಕೊಡುವ ಮನೆಗಳನ್ನು ಶೇಕಡಾ 15ರಷ್ಟು ಕಡಿಮೆ ಮಾಡಿದರೆಂದೂ, ಅದರಿಂದ ಇಡೀ ನಗರದ ಬಾಡಿಗೆ ಶೇಕಡಾ 5.1ರಷ್ಟು ಏರಿತೆಂದೂ 2019ರಲ್ಲಿ ಪ್ರಕಟಿಸಿದರು.

ಕರಾರು ಓದುವವಳು:

ಅದೇ ಅಧ್ಯಯನದ ಇನ್ನೊಂದು ಭಾಗವನ್ನೂ ಹೇಳಬೇಕು. ನಿಯಂತ್ರಣದ ರಕ್ಷಣೆ ಸಿಕ್ಕ ಬಾಡಿಗೆದಾರರು ತಮ್ಮ ಹಳೆಯ ವಿಳಾಸದಲ್ಲಿಯೇ ಉಳಿಯುವ ಸಾಧ್ಯತೆ ಗಮನಾರ್ಹವಾಗಿ ಹೆಚ್ಚಾಯಿತು, ಅದರಲ್ಲೂ ವಯಸ್ಸಾದವರಿಗೆ ಮತ್ತು ಬಹಳ ಕಾಲದಿಂದ ಇದ್ದವರಿಗೆ ಅದು ಆಸರೆಯಾಯಿತು. ಎರಡೂ ನಿಜ. ಸರ್ಕಾರ ಏನು ಮಾಡಬೇಕು ಎಂಬುದು ದೊಡ್ಡ ಪ್ರಶ್ನೆ, ಅದಕ್ಕೆ ಬೇರೆಯೇ ಚರ್ಚೆ ಬೇಕು. ಇವರ ಮುಂದೆ ಎರಡು ತಿಂಗಳ ಗಡುವಿದೆ, ಇವರಿಗೆ ಉತ್ತರ ಬರೆಯಲು ನೆರವಾಗೋಣ.

ನಾಲ್ಕನೇ ಮಹಡಿ:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮಾಲೀಕರಿಗೆ ಕರೆ ಮಾಡಿ, ಶೇಕಡಾ 10 ಕಷ್ಟವಾಗುತ್ತದೆ, ಯೋಚಿಸಿ ಬರೆಯುತ್ತೇನೆ ಎಂದೆ. ಅವರು ಸಿಟ್ಟಾಗಲಿಲ್ಲ. ಈಗಿನ ಬಾಡಿಗೆ 100 ಎಂದರೆ ಅದನ್ನು 108 ಮಾಡಿ ಒಂದು ತಿಂಗಳ ಬಾಡಿಗೆ ಬಿಟ್ಟುಬಿಡುತ್ತೇನೆ ಎಂದರು. ಒಂದು ತಿಂಗಳು ಪೂರ್ತಿ ಬಿಡುತ್ತಾರೆಂದರೆ ಒಪ್ಪಬಹುದು ಅನಿಸುತ್ತಿದೆ. ನಿಮ್ಮ ಅಭಿಪ್ರಾಯವೇನು?

ಲೆಕ್ಕದ ಪುಸ್ತಕ:

ದಯವಿಟ್ಟು ಒಂದು ದಿನ ತಡೆಯಿರಿ. ಹನ್ನೊಂದು ತಿಂಗಳು 108 ಕೊಟ್ಟರೆ ವರ್ಷಕ್ಕೆ 1188, ಅಂದರೆ ತಿಂಗಳಿಗೆ ಸರಾಸರಿ 99. ಈ ವರ್ಷ ನೀವು ಈಗಿನದಕ್ಕಿಂತ ಕಡಿಮೆಯೇ ಕೊಟ್ಟಂತಾಗುತ್ತದೆ, ನಿಜ. ಆದರೆ ಮುಂದಿನ ವರ್ಷದ ಏರಿಕೆ 99ರ ಮೇಲೆ ಬರುವುದಿಲ್ಲ, 108ರ ಮೇಲೆ ಬರುತ್ತದೆ. ಇದರ ಬದಲು ಬಾಡಿಗೆ 103 ಆಯಿತು, ಒಂದು ತಿಂಗಳೂ ಬಿಡಲಿಲ್ಲ ಎಂದುಕೊಳ್ಳಿ: ಈ ವರ್ಷ 1236. ಮುಂದಿನ ವರ್ಷ ಎರಡಕ್ಕೂ ಶೇಕಡಾ 5 ಏರಿದರೆ ಮೊದಲನೆಯದು 113.4 ಆಗುತ್ತದೆ, ಎರಡನೆಯದು 108.15. ಎರಡು ವರ್ಷ ಕೂಡಿಸಿದಾಗ ಒಂದು ತಿಂಗಳು ಬಿಟ್ಟ ಪ್ರಸ್ತಾಪಕ್ಕೆ 2548.8, ಬಿಡದ ಪ್ರಸ್ತಾಪಕ್ಕೆ 2533.8. ಎರಡನೇ ವರ್ಷದ ಕೊನೆಗೇ ಉಚಿತ ತಿಂಗಳು ಕರಗಿಹೋಯಿತು, ಅಲ್ಲಿಂದ ಮುಂದೆ ಪ್ರತಿ ತಿಂಗಳೂ ನಷ್ಟ.

ಒಂದೇ ವರ್ಷದಲ್ಲಿ ಬಿಟ್ಟು ಹೋಗುವವರಿದ್ದರೆ ಉಚಿತ ತಿಂಗಳನ್ನು ಸಂತೋಷದಿಂದ ತೆಗೆದುಕೊಳ್ಳಿ. ಮಗಳ ಶಾಲೆ ಮುಗಿಯುವವರೆಗೆ ಇರಬೇಕೆಂದಿದ್ದರೆ ಮೂಲ ಬಾಡಿಗೆ ಎಷ್ಟು ತಗ್ಗಿದರೆ ಅಷ್ಟು ಒಳ್ಳೆಯದು. ಮುಖ್ಯವಾಗಿ, ಈ ವರ್ಷದ ಅಂಕಿಗಾಗಿ ಜಗ್ಗಾಡಬೇಡಿ. ಅಂಕಿ ಹುಟ್ಟುವ ನಿಯಮವನ್ನು ಕೇಳಿ. ಎಷ್ಟು ವರ್ಷದ ಕರಾರು, ಏರಿಕೆ ಯಾವುದರ ಮೇಲೆ, ಯಾವ ದರದಲ್ಲಿ, ಗರಿಷ್ಠ ಎಷ್ಟು, ಇವು ನಾಲ್ಕೂ ಬರೆದಿದ್ದರೆ ಮುಂದಿನ ಸಂದೇಶಕ್ಕೆ ನೀವು ಹೆದರಬೇಕಾಗಿಲ್ಲ.

ಹೊಸ ಬಾಡಿಗೆದಾರ:

ಬೆಲೆಯೇರಿಕೆಯ ಸೂಚ್ಯಂಕಕ್ಕೆ ತಕ್ಕಂತೆ ಏರಿಸಿ ಎಂದು ಬರೆಸಿಕೊಂಡರೆ ಎಲ್ಲ ಸರಿಹೋಗುವುದಿಲ್ಲವೇ?

ಕರಾರು ಓದುವವಳು:

ಸೂಚ್ಯಂಕ ಒಳ್ಳೆಯ ಅಳತೆಗೋಲು, ಆದರೆ ಅದಕ್ಕೂ ಮೇಲ್ಮಿತಿ ಬೇಕು. ಫ್ರಾನ್ಸಿನಲ್ಲಿ ಬಾಡಿಗೆಯ ಪರಿಷ್ಕರಣೆಗೆಂದೇ ಒಂದು ಸೂಚ್ಯಂಕವಿದ್ದು, ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಸಂಸ್ಥೆ ಅದನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. 2008ರಿಂದ ಅದನ್ನು ಲೆಕ್ಕ ಹಾಕುವುದು ತಂಬಾಕು ಮತ್ತು ಬಾಡಿಗೆಯನ್ನು ಬಿಟ್ಟ ಗ್ರಾಹಕ ಬೆಲೆಗಳಿಂದ. ಬಾಡಿಗೆಯನ್ನು ಬಿಟ್ಟಿರುವುದು ಗಮನಾರ್ಹ, ಇಲ್ಲದಿದ್ದರೆ ಬಾಡಿಗೆ ಏರಿದ್ದರಿಂದಲೇ ಬಾಡಿಗೆ ಏರುತ್ತಾ ಹೋಗುತ್ತಿತ್ತು. ಕರಾರಿನಲ್ಲಿ ಪರಿಷ್ಕರಣೆಯ ಷರತ್ತು ಇಲ್ಲದಿದ್ದರೆ ಅಲ್ಲಿ ಅವಧಿಯ ನಡುವೆ ವಾರ್ಷಿಕ ಏರಿಕೆಯೂ ಇಲ್ಲ.

ಆದರೆ 2022ರಂತಹ ವರ್ಷ ಬಂದಾಗ ಸೂಚ್ಯಂಕವನ್ನೇ ನಂಬಿದವರಿಗೆ ಪೆಟ್ಟು ಬಿತ್ತು. ಆ ವರ್ಷದ ಜೂನ್‌ನಲ್ಲಿ ಅಮೆರಿಕದ ಗ್ರಾಹಕ ಬೆಲೆಗಳು ಹಿಂದಿನ ವರ್ಷಕ್ಕಿಂತ ಶೇಕಡಾ 9.1 ಮೇಲಿದ್ದವು. ಸ್ಪೇನ್ ಸರ್ಕಾರ ಅದೇ ವರ್ಷ ವಾರ್ಷಿಕ ಪರಿಷ್ಕರಣೆಗೆ ಶೇಕಡಾ 2ರ ಮಿತಿ ಹಾಕಬೇಕಾಯಿತು. ಆದ್ದರಿಂದ ಯಾವ ಸೂಚ್ಯಂಕ, ಯಾವ ತಿಂಗಳ ಅಂಕಿ, ಗರಿಷ್ಠ ಎಷ್ಟು ಎಂದು ಮೂರನ್ನೂ ಬರೆಯಿರಿ.

ಮಾತಿಗೆ ಒಪ್ಪಿದ್ದವನು:

ಬರೆಸಿಕೊಳ್ಳಿ ಎಂದು ನಾನೂ ಕೈಮುಗಿದು ಕೇಳುತ್ತೇನೆ. ನಮ್ಮ ಹಿಂದಿನ ಮಾಲೀಕರು ಬಹಳ ಸಜ್ಜನರು. ಅಡುಗೆಮನೆಯ ಕಪಾಟುಗಳನ್ನು ನಮ್ಮ ಖರ್ಚಿನಲ್ಲಿ ಮಾಡಿಸಿದಾಗ, ಇನ್ನು ಮೂರು ವರ್ಷ ಬಾಡಿಗೆ ಏರಿಸುವುದಿಲ್ಲ ಎಂದು ಮನೆಯೊಳಗೇ ನಿಂತು ಹೇಳಿದ್ದರು. ಎಂಟು ತಿಂಗಳಿಗೆ ಅವರು ತೀರಿಕೊಂಡರು. ಮನೆ ಯಾರ ಪಾಲಿಗೆ ಬಂತೋ ಅವರಿಗೆ ಆ ಮಾತು ಗೊತ್ತೇ ಇರಲಿಲ್ಲ. ಅವರು ಸುಳ್ಳು ಹೇಳಲಿಲ್ಲ, ನಾನೂ ಸುಳ್ಳು ಹೇಳಲಿಲ್ಲ, ಆದರೆ ತೋರಿಸಲು ನನ್ನ ಬಳಿ ಒಂದು ಚೀಟಿಯೂ ಇರಲಿಲ್ಲ. ಅದೇ ದಿನ ಸಂಜೆ, ನೀವು ಹೇಳಿದಂತೆ ಹೀಗೆ ಎಂದು ಒಂದು ಸಂದೇಶ ಕಳಿಸಿ ಅವರಿಂದ ಹೌದು ಎಂಬ ಉತ್ತರ ಪಡೆದಿದ್ದರೆ ಸಾಕಿತ್ತು.

ನಾಲ್ಕನೇ ಮಹಡಿ:

ಇದನ್ನು ಓದಿ ಮನಸ್ಸು ಭಾರವಾಯಿತು. ಪತ್ರದ ಕರಡು ಕೆಳಗಿದೆ, ತಪ್ಪಿದ್ದರೆ ತಿದ್ದಿ.

"ಮಾನ್ಯರೇ, ತಮ್ಮ ಮನೆಯಲ್ಲಿ ಮೂರು ವರ್ಷಗಳಿಂದ ನೆಮ್ಮದಿಯಿಂದ ಇದ್ದೇವೆ, ಬಾಡಿಗೆಯನ್ನು ಪ್ರತಿ ತಿಂಗಳೂ ಗಡುವಿನೊಳಗೆ ಕೊಟ್ಟಿದ್ದೇವೆ, ಮುಂದೆಯೂ ಇಲ್ಲಿಯೇ ಇರಬೇಕೆಂಬುದು ನಮ್ಮ ಇಚ್ಛೆ. ತಾವು ತಿಳಿಸಿರುವ ಶೇಕಡಾ 10ರ ಏರಿಕೆ ನಮ್ಮ ಆದಾಯದ ಏರಿಕೆಗಿಂತ ಬಹಳ ಹೆಚ್ಚಾಗಿದೆ. ನಿರ್ವಹಣಾ ಶುಲ್ಕವನ್ನು ಬೇರ್ಪಡಿಸಿ, ಉಳಿದ ಬಾಡಿಗೆಯ ಮೇಲೆ ಶೇಕಡಾ 4ರಷ್ಟು ಏರಿಸಿ, ಎರಡು ವರ್ಷಗಳ ಕರಾರು ಮಾಡಿಕೊಡಬೇಕಾಗಿ ವಿನಂತಿ. ಎರಡನೇ ವರ್ಷದ ಏರಿಕೆ ಗ್ರಾಹಕ ಬೆಲೆ ಸೂಚ್ಯಂಕದಂತೆ ಇರಲಿ, ಆದರೆ ಶೇಕಡಾ 6 ಮೀರದಿರಲಿ. ಸ್ನಾನದ ಮನೆಯ ಗೋಡೆಯನ್ನು ದುರಸ್ತಿ ಮಾಡಿಸದಿದ್ದರೆ ಏರಿಕೆಗೆ ನಾವು ಒಪ್ಪುವುದಿಲ್ಲ."

ಎರಡು ಮನೆಗಳ ಮಾಲೀಕ:

ಪತ್ರ ಚೆನ್ನಾಗಿದೆ, ಕೊನೆಯ ವಾಕ್ಯವನ್ನು ಬಿಟ್ಟು. ಅದು ಬೆದರಿಕೆಯಂತೆ ಕೇಳುತ್ತದೆ. ಅದರ ಬದಲು, ಈ ದಿನಾಂಕದಂದು ಮೊದಲು ತಿಳಿಸಿದ್ದೆವು, ಫೋಟೊಗಳನ್ನು ಲಗತ್ತಿಸಿದ್ದೇವೆ, ನವೀಕರಣವಾದ 30 ದಿನಗಳೊಳಗೆ ದುರಸ್ತಿ ಮಾಡಿಸಿಕೊಡಬೇಕು ಎಂದು ಬರೆಯಿರಿ. ನಾನಾದರೆ ಅದಕ್ಕೆ ಬೇಗ ಓಗೊಡುತ್ತೇನೆ, ಏಕೆಂದರೆ ಗೋಡೆ ನನ್ನದೇ, ನೀರು ಒಳಗಿಳಿದರೆ ಹಾಳಾಗುವುದೂ ನನ್ನ ಆಸ್ತಿಯೇ. ಎರಡು ವರ್ಷ ಇರುತ್ತೇವೆ ಎಂಬ ಮಾತನ್ನು ಮಾತ್ರ ಇನ್ನೂ ಮೇಲಕ್ಕೆ ತನ್ನಿ. ಪತ್ರದಲ್ಲಿ ಮಾಲೀಕರಿಗೆ ಸಿಗುವ ಲಾಭ ಅದೊಂದೇ.

ಕರಾರು ಓದುವವಳು:

ಒಪ್ಪುತ್ತೇನೆ. ಜೊತೆಗೆ, ಎರಡು ವರ್ಷಕ್ಕೆ ಮಾಲೀಕರು ಹೇಗೋ ನೀವೂ ಹಾಗೆಯೇ ಕಟ್ಟುಬೀಳುತ್ತೀರಿ. ಕೆಲಸ ಬೇರೆ ಊರಿಗೆ ವರ್ಗವಾದರೆ ಇಷ್ಟು ದಿನದ ಸೂಚನೆ ಕೊಟ್ಟು ಬಿಡಬಹುದು ಎಂಬ ಸಾಲನ್ನು ಸೇರಿಸಲು ಮರೆಯಬೇಡಿ.

ನಾಲ್ಕನೇ ಮಹಡಿ:

ಹದಿನೆಂಟು ದಿನಗಳ ನಂತರ ಬರೆಯುತ್ತಿದ್ದೇನೆ. ಪತ್ರ ತಲುಪಿದ ನಾಲ್ಕನೇ ದಿನ ಮಾಲೀಕರೇ ಮನೆಗೆ ಬಂದರು. ಸ್ನಾನದ ಮನೆಯ ಗೋಡೆಯನ್ನು ಮುಟ್ಟಿ ನೋಡಿ, ಇಷ್ಟಾಗಿದೆ ಎಂದು ಗೊತ್ತಿರಲಿಲ್ಲ ಎಂದರು. ಕಳಿಸಿದ್ದ ಫೋಟೊಗಳನ್ನು ಅವರು ತೆರೆದು ನೋಡಿರಲಿಲ್ಲವಂತೆ. ಶೇಕಡಾ 4ಕ್ಕೆ ಒಪ್ಪಲಿಲ್ಲ, 5 ಎಂದರು, ನಾನು ಒಪ್ಪಿದೆ. ನಿರ್ವಹಣಾ ಶುಲ್ಕ ಬೇರೆಯಾಯಿತು, ಆದ್ದರಿಂದ 85ರ ಮೇಲೆ ಶೇಕಡಾ 5 ಏರಿ 89.25 ಆಯಿತು, ಅದರ ಜೊತೆ 15 ಸೇರಿ ಒಟ್ಟು 104.25. ಎರಡು ವರ್ಷದ ಕರಾರು, ಎರಡನೇ ವರ್ಷ ಸೂಚ್ಯಂಕ ಅಥವಾ ಶೇಕಡಾ 6, ಯಾವುದು ಕಡಿಮೆಯೋ ಅದು. ಎರಡು ತಿಂಗಳ ಸೂಚನೆ ಕೊಟ್ಟು ನಾವು ಬಿಡಬಹುದು. ಮೊನ್ನೆ ಮೇಲಿನ ಮನೆಯ ಕೊಳವೆಯ ಕೀಲು ಬದಲಿಸಿ ಗೋಡೆ ಕೆರೆದು ಹೋಗಿದ್ದಾರೆ. ಒಣಗಿದ ಮೇಲೆ ಬಣ್ಣ ಹಚ್ಚುತ್ತಾರಂತೆ.

ಸಹಿ ಹಾಕುವ ಮುನ್ನ ಒಂದೇ ಒಂದು ಅನುಮಾನ ಉಳಿದಿದೆ. ಹೊಸ ಕರಾರಿನ ಕರಡಿನಲ್ಲಿ, ಬಾಡಿಗೆ ಪರಿಷ್ಕರಣೆಯಾದಾಗಲೆಲ್ಲ ಮುಂಗಡವನ್ನೂ ಅದೇ ಪ್ರಮಾಣದಲ್ಲಿ ಹೆಚ್ಚಿಸಬೇಕು ಎಂದು ಸೇರಿಸಿದ್ದಾರೆ. ಹಿಂದಿನ ಪತ್ರದಲ್ಲಿ ಅದು ಇರಲಿಲ್ಲ. ಇದನ್ನು ತೆಗೆಸಬೇಕೇ?

ಲೆಕ್ಕದ ಪುಸ್ತಕ:

ತೆಗೆಸಲು ಪ್ರಯತ್ನಿಸಿ. ಮುಂಗಡ ವಾಪಸು ಬರುವ ಹಣವೇ ಆದರೂ ಅಲ್ಲಿಯವರೆಗೆ ನಿಮಗೆ ಅದರ ಬಡ್ಡಿ ಇಲ್ಲ. ಅವರು ಬಿಡದಿದ್ದರೆ ಪ್ರತಿ ವರ್ಷದ ಬದಲು ಎರಡು ವರ್ಷ ಕಳೆದು ನವೀಕರಣವಾಗುವಾಗ ಮಾತ್ರ ಎಂದು ತಿದ್ದಿಸಿ, ಈಗಾಗಲೇ ಕೊಟ್ಟಿರುವ ಮುಂಗಡದ ಮೊತ್ತವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಹೊಸ ಪತ್ರದಲ್ಲಿ ಬರೆಸಿ. ಹಳೆಯ ಪತ್ರವನ್ನು ಎಸೆಯಬೇಡಿ.

ನಾಲ್ಕನೇ ಮಹಡಿ:

ನವೀಕರಣದ ವೇಳೆ ಮಾತ್ರ ಎಂಬುದಕ್ಕೆ ಒಪ್ಪಿದರು. ಮೊತ್ತವನ್ನು ಎರಡೂ ರೀತಿಯಲ್ಲಿ ಬರೆಸಿದೆ. ನಾಳೆ ಬೆಳಿಗ್ಗೆ ಸಹಿ.